ಹೇಳಿ ಹೊರಟ ಸಿಡಿಮದ್ದು

ಕಲ್ಲುಕ್ವಾರಿಯ ಬಂಡೆಯೊಳಗೆ ತುಂಬಿಸಿಟ್ಟ ಸಿಡಿಮದ್ದಿಗೆ ಒಂದೇ ಚಿಂತೆ. ತನಗಿರುವುದು ಒಂದೇ ಒಂದು ಗರ್ಜನೆ. ಅದು ಭೂಕಂಪವೆಂದೇ ಹೆಸರಾಗಬೇಕು. ಗುಡ್ಡದ ಮೇಲಿನ ಕೋಣೆಯಲ್ಲಿ ಕೂತು ನೆಲದ ನಡುಕವನ್ನೆಲ್ಲ ಅಳೆಯುತ್ತಿದ್ದ ಕಂಪನಮಾಪಕವನ್ನು ಅದು ಕೂಗಿ ಕರೆಯಿತು.

"ಅಕ್ಕಾ, ಇವತ್ತು ನಾನು ಸೈರನ್ನಿಗೆ ಕಾಯದೆ ಸಿಡಿಯುತ್ತೇನೆ. ನನ್ನನ್ನು ಭೂಕಂಪವೆಂದು ಬರೆದುಕೋ."

"ಧಾರಾಳವಾಗಿ, ತಮ್ಮಾ. 'ಎಲ್ಲಿಂದಲೋ ಬಂತು, ಯಾವಾಗಲೋ ಹೊರಟಿತ್ತು' ಎಂದು ಬರೆಯುತ್ತೇನೆ. ಭೂಕಂಪಗಳಿಗೆಲ್ಲ ನಾನು ಬರೆಯುವುದು ಅಷ್ಟೇ."

"ಹೆಸರೂ ಇಲ್ಲ, ಊರೂ ಇಲ್ಲವೇ?"

"ಹೇಳದೆ ಬರುವವರ ಊರು ನನಗೇನು ಗೊತ್ತು? ಹೊರಟ ಜಾಗ, ಹೊರಟ ಹೊತ್ತು ಹೇಳಿ ಬರುವ ನೆಂಟನಾದರೆ, ತಲುಪಿದ ಹೊತ್ತು ನೋಡಿ ಅವನು ಬಂದ ದಾರಿ ಎಂಥದೆಂದು ತಿಳಿಯಬಲ್ಲೆ. ನೆಲದೊಳಗಿನ ದಾರಿಯನ್ನು ನಾನಿನ್ನೂ ಕಂಡೇ ಇಲ್ಲ."

ಸಿಡಿಮದ್ದು ಸೈರನ್ನಿಗೆ ಕಾದು ಕೂತಿತು. ಕೆಂಪು ಬಾವುಟ ಏರಿತು, ಸೈರನ್ ಕೂಗಿತು, ಕೆಲಸದವರು ಮೇಕೆಗಳನ್ನು ಅಟ್ಟಿಕೊಂಡು ದೂರ ಸರಿದರು. ಆಮೇಲೆಯೇ ಅದು, "ಅಕ್ಕಾ, ಕ್ವಾರಿಯ ಕೆಳಬಂಡೆಯಿಂದ, ಇಗೋ ಈಗ ಹೊರಟೆ!" ಎಂದು ಕೂಗಿ ಸಿಡಿಯಿತು. ಕಂಪನಮಾಪಕ ನಗುನಗುತ್ತಲೇ ಆ ದಾರಿಯ ಕಲ್ಲು ಎಷ್ಟು ಗಟ್ಟಿ, ಅದರಲ್ಲಿ ನಡುಕ ಎಷ್ಟು ವೇಗವಾಗಿ ಓಡುತ್ತದೆ ಎಂದು ಲೆಕ್ಕ ಹಾಕಿಕೊಂಡಿತು.

ಕೆಲವು ತಿಂಗಳ ಮೇಲೆ ನಿಜವಾದ ಭೂಕಂಪವೊಂದು ಗುಡುಗುತ್ತ ಬಂತು.

"ನಾನೆಲ್ಲಿಂದ ಬಂದೆ, ಹೇಳು ನೋಡೋಣ!"

"ಹೊಳೆಯಾಚೆಯ ಗುಡ್ಡದ ಬುಡದಿಂದ," ಎಂದಿತು ಕಂಪನಮಾಪಕ.

ಭೂಕಂಪವೇ ಒಮ್ಮೆ ನಡುಗಿತು. "ನನ್ನ ದಾರಿ ನಿನಗೆ ತೋರಿಸಿಕೊಟ್ಟವರು ಯಾರು?"

"ನಿನಗಿಂತ ಬಹಳ ಚಿಕ್ಕವನು. ಆದರೆ ಹೇಳಿ ಬಂದವನು."