ಬೋರಲಿಂಗ ಶಾವಿಗೆ ಒರಳು ಬಿಡಿಸಲು ಹೋದದ್ದು

ಹತ್ತಿರ ಬನ್ನಿ, ನಗೋದಿದ್ದರೆ ಕೊನೇಲಿ ನಗಿ. ನಂಜಮಣ್ಣಿಗೆ ಒಬ್ಬನೇ ಮಗ, ಬೋರಲಿಂಗ. ಹೇಳಿದ್ದನ್ನ ಹೇಳಿದ ಹಾಗೇ ಮಾಡುವವನು, ಅದೇ ಅವಳ ಕರ್ಮ! ಅವಳದೊಂದು ಶಾವಿಗೆ ಒರಳು. ಬೆಳಗ್ಗೆ ಶಾವಿಗೆ ಒತ್ತಿ ಮಾರಿದರೆ ಮಧ್ಯಾಹ್ನ ತಾಯಿ ಮಗನಿಗೆ ಊಟ, ಇಲ್ಲದಿದ್ದರೆ ಇಲ್ಲ. ಅವಳ ಮನೆಯ ಮುಂದಿನ ಕೋಣೆಯ ಬಾಡಿಗೆಯವನು ಕದ್ದುಮುಚ್ಚಿ ಇಸ್ಪೀಟು ಆಡಿಸುತ್ತಿದ್ದ. ಪೊಲೀಸರು ವಾರಂಟು ಹಿಡಿದು ಬಂದರು, ಇಸ್ಪೀಟೆಲೆ ಜೊತೆಗೆ ಅಲ್ಲೇ ಮೂಲೆಯಲ್ಲಿದ್ದ ಒರಳನ್ನೂ ಹೊತ್ತೊಯ್ದರು! ನಂಜಮಣ್ಣಿಗೋ ಮಂಡಿನೋವು. ಓಡಾಡಲು ಮಗನೇ ಗತಿ.

ಒರಳು ಬಿಟ್ಟುಕೊಡಿ ಅಂತ ವಕೀಲರು ಅರ್ಜಿ ಬರೆದುಕೊಟ್ಟರು. "ಹೋಗಪ್ಪಾ, ಕೋರ್ಟಲ್ಲಿ ಹಾಕಿ ಬಾ" ಅಂದಳು ತಾಯಿ.

"ಅಷ್ಟೇ ತಾನೆ!" ಹೋದ, ಕೋರ್ಟಿನ ನೆಲದ ಮೇಲೆ ಹಾಕಿದ, ಬಂದ. ಕಸ ಗುಡಿಸುವವಳು ಗುಡಿಸಿ ಎಸೆದಳು.

"ಅಯ್ಯೋ ಮಂಕೇ! ಗುಮಾಸ್ತರ ಕೈಕಾಲು ಹಿಡಿದು ಕೊಡಬೇಕು ಕಣೋ!"

"ಮೊದಲೇ ಹೇಳಬಾರದಿತ್ತಾ!" ಇನ್ನೊಂದು ಅರ್ಜಿ ಬರೆಸಿಕೊಂಡು ಹೋದ. ಒಂದು ಕೈಲಿ ಗುಮಾಸ್ತರ ಕೈ ಹಿಡಿದ, ಇನ್ನೊಂದು ಕೈಲಿ ಕಾಲು ಹಿಡಿದ. ಅರ್ಜಿ ಎಲ್ಲಿ? ಬಾಯಲ್ಲಿ! ಗುಮಾಸ್ತರು ಕುರ್ಚಿ ಸಮೇತ ಉರುಳಿದರು. "ಬಿಡೋ ಮಾರಾಯ, ತಗೊಂಡೆ, ಬಿಡೋ!"

"ಥೂ ನಿನ್ನ! ಇನ್ನು ಯಾರನ್ನೂ ಮುಟ್ಟಬೇಡ. ದೂರ ನಿಂತು ಅವರು ಕೇಳಿದ್ದನ್ನ ತಂದುಕೊಡು!" ಅಂತ ಬೈದಳು ತಾಯಿ.

ಎಂಟು ದಿನಕ್ಕೆ ಜಡ್ಜ್ ಸಾಹೇಬರ ಆರ್ಡರ್ ಆಯಿತು. "ಮುಚ್ಚಳಿಕೆ ಬರೆದುಕೊಟ್ಟು ಒರಳು ಬಿಡಿಸಿಕೊಳ್ಳಪ್ಪ" ಅಂದರು ಗುಮಾಸ್ತರು.

ಕೇಳಿದರಲ್ಲ! ಮನೆಗೆ ಓಡಿದ. ಅನ್ನದ ಪಾತ್ರೆಯ ಮುಚ್ಚಳದ ಮೇಲೆ ಸೀಮೆಸುಣ್ಣದಲ್ಲಿ "ಒರಳು ನಮ್ಮಮ್ಮಂದು" ಅಂತ ಬರೆದು ತಂದಿಟ್ಟ. ಕೋರ್ಟಿಗೆ ಕೋರ್ಟೇ ಗೊಳ್ಳೆಂದು ನಕ್ಕಿತು.

ನಂಜಮಣ್ಣಿ ಹಣೆ ಚಚ್ಚಿಕೊಂಡಳು. "ಮುಚ್ಚಳಿಕೆ ಅಂದರೆ ಮುಚ್ಚಳ ಅಲ್ಲವೋ! ಕೇಸು ಮುಗಿಯೋವರೆಗೂ ಕರೆದಾಗ ಒರಳು ತಂದೊಪ್ಪಿಸ್ತೀನಿ ಅಂತ ಬರೆದುಕೊಡೋ ಮಾತು. ಕೊಟ್ಟ ಮೇಲೆ ತಪ್ಪಬಾರದು! ಹೋಗು, ಹಿಟ್ಟು ಬೇಯಿಸಿಟ್ಟು ಕಾಯ್ತಿರ್ತೀನಿ."

ಮುಚ್ಚಳಿಕೆಗೆ ಸಹಿ ಹಾಕಿದ. ಸ್ಟೇಷನ್ನಿಗೆ ಹೋಗಿ ಒರಳು ಬಿಡಿಸಿಕೊಂಡ, ತಲೆ ಮೇಲೆ ಹೊತ್ತ, ಎದೆಯುಬ್ಬಿಸಿ ನಡೆದ. ಗೇಟು ದಾಟಿ ಹತ್ತು ಹೆಜ್ಜೆ ಹೋಗಿಲ್ಲ, ಹಿಂದಿನಿಂದ ಪೊಲೀಸಪ್ಪ ಕರೆದ: "ಏ ಬೋರಲಿಂಗ, ಬಾರೋ ಇಲ್ಲಿ! ಚಪ್ಪಲಿ ಬಿಟ್ಟು ಹೋಗ್ತಿದ್ದೀಯಲ್ಲೋ!"

ಕರೆದರಲ್ಲ! ಬೋರಲಿಂಗ ತಿರುಗಿ ಬಂದ, ಒರಳನ್ನು ಮೇಜಿನ ಮೇಲೆ ಇಳಿಸಿದ, ಕೈಮುಗಿದ, ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟ.

ಮನೆಯಲ್ಲಿ ಹಿಟ್ಟಿನ ಉಂಡೆ ಹಬೆಯಾಡುತ್ತಿತ್ತು. "ಒರಳೆಲ್ಲೋ?" ಅಂದಳು ನಂಜಮಣ್ಣಿ.

"ಕರೆದರು, ಒಪ್ಪಿಸಿದೆ. ಮಾತು ತಪ್ಪಲಿಲ್ಲ ಕಣಮ್ಮ! ನೋಡು, ಚಪ್ಪಲಿ ಬಿಡಿಸಿಕೊಂಡು ಬಂದಿದ್ದೀನಿ. ಅದೂ ಮುಚ್ಚಳಿಕೆ ಇಲ್ಲದೆ!"