ಬೊಮ್ಮಯ್ಯ ಮಾತು ಮುಗಿಸಿದ ದಿನ

ಹಿಂದೆ, ಬಹಳ ಹಿಂದೆ, ಹೊಳೆ ಕಡಲು ಸೇರುವ ಜಾಗದಲ್ಲಿ ಮೂಡಕುರ್ವೆ ಎಂಬ ಒಂದು ಊರಿತ್ತು. ಊರು ಈಗಲೂ ಇದೆ, ಆದರೆ ನಾನು ಹೇಳುವುದು ಆಗಿನ ಮಾತು. ಕುರ್ವೆ ಎಂದರೆ ನಾಲ್ಕೂ ಕಡೆ ನೀರು, ನಡುವೆ ಒಂದು ತುಂಡು ನೆಲ. ಆ ನೆಲದಲ್ಲಿ ತೆಂಗು, ಉಪ್ಪುನೀರಿಗೆ ಹೆದರದ ಕಗ್ಗ ಭತ್ತ, ಒಂದಷ್ಟು ಮನೆಗಳು. ಉಳಿದದ್ದೆಲ್ಲ ಆಚೆ ದಡದಲ್ಲಿ. ಶಾಲೆ ಆಚೆ, ಆಸ್ಪತ್ರೆ ಆಚೆ, ಸಂತೆ ಆಚೆ, ಬಸ್ಸು ಆಚೆ. ನಡುವೆ ದಾಟಿಸಲಿಕ್ಕೆ ಸರಕಾರದ ತಾರಿ ದೋಣಿ ಒಂದೇ. ದೋಣಿ ಬಂದರೆ ಕುರ್ವೆಗೆ ಲೋಕ ಉಂಟು, ಬಾರದಿದ್ದರೆ ಇಲ್ಲ.

ಯಾವ ಇಸವಿ ಎಂದು ಕೇಳಬೇಡಿ. ನನಗೆ ಇದನ್ನು ಹೇಳಿದವಳು ಅದೇ ಕುರ್ವೆಯಲ್ಲಿದ್ದ ನನ್ನ ಅತ್ತೆ. ಅವಳೂ ಇಸವಿ ಹೇಳಲಿಲ್ಲ. ರಾಜರು ಹೋಗಿ ಮಂತ್ರಿಗಳು ಬಂದಿದ್ದ ಕಾಲ, ಅಷ್ಟೆ.

ಆ ಕುರ್ವೆಯಲ್ಲಿ ಬೊಮ್ಮಯ್ಯ ಅಂತ ಒಬ್ಬನಿದ್ದ. ಗದ್ದೆಗೆ ಉಪ್ಪುನೀರು ನುಗ್ಗದ ಹಾಗೆ ಒಡ್ಡು ಕಟ್ಟುವುದು ಅವನ ಕೆಲಸ. ಅವನಿಗೆ ಉಗ್ಗು. ಮಾತಿನ ಮೊದಲಕ್ಷರ ತುಟಿಯವರೆಗೆ ಬಂದು ಅಲ್ಲೇ ನಿಂತುಬಿಡುತ್ತಿತ್ತು. ಕಡಲ ನೀರೇರುವ ಭರತದ ಹೊತ್ತಿಗೆ ಶುರು ಮಾಡಿದ ಮಾತನ್ನು ಅವನು ನೀರಿಳಿದ ಮೇಲೆ ಮುಗಿಸುತ್ತಿದ್ದ ಎನ್ನುತ್ತಾರೆ. ಅಷ್ಟೆಲ್ಲ ಇರಲಿಕ್ಕಿಲ್ಲ. ಆದರೆ ಉಗ್ಗು ಇದ್ದದ್ದು ನಿಜ.

ಆಡಲಿಕ್ಕೆ ಕಷ್ಟವಾದದ್ದರಿಂದ ಅವನು ಕೇಳಿಸಿಕೊಳ್ಳುವುದನ್ನು ಕಲಿತ. ಒಡ್ಡಿನ ಜಗಳ, ಮೀನುಬಲೆಯ ಜಗಳ, ಅಣ್ಣತಮ್ಮಂದಿರ ಜಗಳ, ಎಲ್ಲ ಅವನ ಜಗಲಿಗೇ ಬರುತ್ತಿತ್ತಂತೆ. ಬಂದವರು ಹೇಳುತ್ತಲೇ ಇದ್ದರು, ಇವನು ಕೇಳುತ್ತಲೇ ಇದ್ದ. ಹೇಳಿ ಹೇಳಿ ಕಡೆಗೆ ತಪ್ಪು ಯಾರದೆಂದು ಅವರಿಗೇ ಹೊಳೆಯುತ್ತಿತ್ತು. ಎದ್ದು ಮನೆಗೆ ಹೋಗುತ್ತಿದ್ದರು.

ಅವನ ಪಕ್ಕದ ಮನೆಯವಳು ಸಾತಮ್ಮ. ಹೊಳೆಯ ತಳದಲ್ಲಿ ಬಳಚು ಎಂಬ ಚಿಪ್ಪುಮೀನು ಹೆಕ್ಕಿ, ಬುಟ್ಟಿ ಹೊತ್ತು, ಆಚೆ ದಡದ ಸಂತೆಯಲ್ಲಿ ಮಾರುವವಳು. ಒಂದು ಸಲ ಚುನಾವಣೆ ಬಂತು. ದೊಡ್ಡಮನೆಯವರು ಇಬ್ಬರು ನಿಂತರು, ಇಬ್ಬರೂ ಮಾತಿನ ಮಲ್ಲರು. ಈ ಮೊದಲು ಗೆದ್ದು ಹೋದವರೂ ಅಂಥವರೇ, ದೋಣಿ ಮಾತ್ರ ಅದೇ ಹಳೆಯದು. ಆಗ ಗುಡಿಯ ಎದುರು ಜನ ಸೇರಿದ್ದಾಗ ಸಾತಮ್ಮ ಎದ್ದು ನಿಂತು ಹೇಳಿದಳಂತೆ:

"ಮಾತು ಬಲ್ಲವ್ರನ್ನ ಕಳಿಸಿ ನೋಡಿದ್ದಾಯ್ತು. ಈ ಸಲ ಕೇಳೂಕೆ ಬಲ್ಲವ್ನನ್ನ ಕಳಿಸುವಾ."

ನಮ್ಮ ಭಾಷೆಯಲ್ಲಿ ಕಿವಿಯಿಂದ ಕೇಳುವುದೂ ಕೇಳುವುದೇ, ಬಾಯಿಂದ ಕೇಳುವುದೂ ಕೇಳುವುದೇ. ಸಾತಮ್ಮ ಯಾವ ಅರ್ಥದಲ್ಲಿ ಹೇಳಿದಳೋ. ಬೊಮ್ಮಯ್ಯ ಬೇಡ ಬೇಡ ಎನ್ನಲು ಬಾಯಿ ತೆರೆದನಂತೆ. ಆ ಮಾತು ಹೊರಗೆ ಬರುವಷ್ಟರಲ್ಲಿ ಜನ ಒಪ್ಪಿ ಚಪ್ಪಾಳೆ ತಟ್ಟಿ ಆಗಿತ್ತು. ಬೊಮ್ಮಯ್ಯ ನಿಂತ, ಗೆದ್ದ, ರಾಜಧಾನಿಗೆ ಹೋದ.

ಶಾಸಕರ ಸಭೆಯಲ್ಲಿ ಒಂದು ಕ್ರಮ ಉಂಟು. ಬೆಳಿಗ್ಗೆ ಸಭೆ ಕೂಡಿದಾಗ ಸದಸ್ಯರು ಎದ್ದು ಪ್ರಶ್ನೆ ಕೇಳಬೇಕು, ಆಯಾ ಖಾತೆಯ ಮಂತ್ರಿ ಎದ್ದು ಉತ್ತರ ಕೊಡಬೇಕು. ದಾರಿ, ಬಸ್ಸು, ದೋಣಿ ನೋಡಿಕೊಳ್ಳುವ ಮಂತ್ರಿ ಒಬ್ಬರಿದ್ದರು. ಅವರ ಹೆಸರು ಈಗ ಯಾರಿಗೂ ನೆನಪಿಲ್ಲ. ಕೆಟ್ಟವರಲ್ಲ, ನಯದ ಮನುಷ್ಯ, ಬಲು ಚುರುಕು. ಬೊಮ್ಮಯ್ಯ ಎದ್ದು "ದೋ... ದೋ..." ಎಂದು ಒದ್ದಾಡುವುದನ್ನು ಅವರಿಗೆ ನೋಡಲಾಗಲಿಲ್ಲ. ಮಾನ್ಯ ಸದಸ್ಯರು ಕುರ್ವೆಗೆ ದೋಣಿ ಇದೆಯೇ ಎಂದು ಕೇಳುತ್ತಿದ್ದಾರೆ, ಇದೆ, ಎಂದು ಹೇಳಿ ಕುಳಿತರು. ಸಭೆ ಮೇಜು ಕುಟ್ಟಿತು. ಬೊಮ್ಮಯ್ಯನೂ ಕುಳಿತ.

ಇನ್ನೊಂದು ಸಲ ಸಭೆ ಕೂಡಿತು. ದೋಣಿಯ ಹಲಗೆಯನ್ನು ಹುಳು ತಿಂದು ಹಾಕಿದೆ ಎನ್ನಬೇಕಿತ್ತು ಅವನಿಗೆ. "ಹು... ಹು..." ಎಂದ. ಮಂತ್ರಿಗಳು ನಕ್ಕು, ಹುಟ್ಟು ಬೇಕಂತೆ, ಕೊಡೋಣ, ಎಂದರು. ಕೊಟ್ಟೂ ಕೊಟ್ಟರು. ತಿಂಗಳೊಳಗೆ ಕುರ್ವೆಗೆ ಹೊಸ ಹುಟ್ಟುಗಳು ಬಂದವು. ಹುಳು ತಿಂದ ದೋಣಿಗೆ ಹೊಸ ಹುಟ್ಟು.

ಊರು ನಕ್ಕಿತು. ಸಾತಮ್ಮ ನಗಲಿಲ್ಲ. ಬೊಮ್ಮಯ್ಯ ಅವಳ ಅಂಗಳದಲ್ಲಿ ಕುಳಿತು, ಮಂತ್ರಿ ಒಳ್ಳೆಯವರು, ನನ್ನ ನಾಲಿಗೆ ಏಳುವುದಿಲ್ಲವೆಂದು ಅವರೇ ಕೈಹಿಡಿದು ದಾಟಿಸುತ್ತಾರೆ ಎಂದು ನಿಧಾನವಾಗಿ ಹೇಳಿಕೊಂಡನಂತೆ. ಅವಳು ಚಿಪ್ಪು ಬಿಡಿಸುತ್ತ ಪೂರಾ ಕೇಳಿದಳು. ಆಮೇಲೆ ಹೇಳಿದಳು:

"ನಿನ್ನ ಮಾತು ಅವ್ರು ಮುಗಿಸಿದ್ರೆ ಅದು ಅವ್ರ ಮಾತು, ಬೊಮ್ಮಯ್ಯ. ನಿಂದಲ್ಲ."

ಅವನು ತಲೆ ತಗ್ಗಿಸಿ ಮನೆಗೆ ಹೋದ.

ಆ ವರ್ಷದ ಮಳೆಗಾಲದಲ್ಲಿ ದೋಣಿಯ ಹಲಗೆ ಕಿತ್ತು ಬಂತು. ಅಂಬಿಗ ದೋಣಿಯನ್ನು ದಡದ ಮೇಲೆ ಬೋರಲು ಹಾಕಿ ತನ್ನ ಊರಿಗೆ ಹೋದ. ಅದೇ ವಾರ ಸಾತಮ್ಮನಿಗೆ ಜ್ವರ ಬಂತು, ಆಮೇಲೆ ಎದೆನೋವು. ಊರವರು ಅವಳನ್ನು ಮೀನು ಹಿಡಿಯುವ ಸಣ್ಣ ಪಾತಿ ದೋಣಿಯಲ್ಲಿ ಮಲಗಿಸಿ ಹೊರಟರು. ನೀರು ಇಳಿಯುವ ಹೊತ್ತು. ಹೊಳೆ ದೋಣಿಯನ್ನು ಕಡಲಬಾಯಿಗೆ ಎಳೆಯತೊಡಗಿತು. ಹೇಗೋ ತಿರುಗಿಸಿಕೊಂಡು ಕುರ್ವೆಯ ದಡಕ್ಕೇ ಬಂದರು. ನೀರು ತಿರುಗುವವರೆಗೆ ಕಾಯುವುದು ಬಿಟ್ಟು ಬೇರೆ ದಾರಿ ಇರಲಿಲ್ಲ. ಬೊಮ್ಮಯ್ಯ ತನ್ನ ಕಂಬಳಿ ತೆಗೆದು ಅವಳ ಮೇಲೆ ಹಿಡಿದು ಕುಳಿತ. ಆಚೆ ದಡದಲ್ಲಿ ಆಸ್ಪತ್ರೆಯ ಹಂಚು ಕಾಣುತ್ತಿತ್ತು. ಅದನ್ನು ನೋಡುತ್ತ ನೋಡುತ್ತ ಸಾತಮ್ಮ ಹೋದಳು.

ಆಮೇಲೆ ಸಭೆ ಕೂಡಿತು. ಆ ದಿನದ ಬಗ್ಗೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಗೋಡೆಯ ಗಡಿಯಾರ ನಿಂತುಹೋಯಿತು ಎನ್ನುತ್ತಾರೆ. ಹೊರಗೆ ಮರದ ಎಲೆ ಅಲುಗಲಿಲ್ಲ ಎನ್ನುತ್ತಾರೆ. ನನ್ನ ಅತ್ತೆ ಹೇಳಿದ್ದು ಇಷ್ಟು.

ಬೊಮ್ಮಯ್ಯ ಎದ್ದು ನಿಂತ. "ಸಾ... ಸಾ..." ಎಂದ.

ಸಾರಿಗೆ ವ್ಯವಸ್ಥೆಯ ಬಗ್ಗೆ ಕೇಳುತ್ತಿದ್ದಾರೆ ಎಂದರು ಮಂತ್ರಿಗಳು.

"ಅಲ್ಲ," ಎಂದ ಬೊಮ್ಮಯ್ಯ. ಆ ಒಂದು ಮಾತು ಎಲ್ಲೂ ತಡೆಯದೆ ಬಂತು. ಮತ್ತೆ ಮೊದಲಿನಿಂದ ಶುರು ಮಾಡಿದ. "ಸಾ..."

ಸಾರ್ವಜನಿಕರ ತೊಂದರೆಯ ಬಗ್ಗೆ ಎಂದರು ಮಂತ್ರಿಗಳು.

"ಅಲ್ಲ."

ಮೊದಲು ಸಭೆ ನಕ್ಕಿತು. ಆಮೇಲೆ ಗೊಣಗಿತು. ಹೊತ್ತಾಯಿತು, ಕುಳಿತುಕೊಳ್ಳಿ ಎಂದು ಹಿಂದಿನಿಂದ ಯಾರೋ ಕೂಗಿದರು. ಬೊಮ್ಮಯ್ಯ ಕುಳಿತುಕೊಳ್ಳಲಿಲ್ಲ. ಅವನ ಹಣೆಯಲ್ಲಿ ಬೆವರು ಇಳಿಯುತ್ತಿತ್ತು. ಕೈ ಎದುರಿನ ಮೇಜನ್ನು ಹಿಡಿದಿತ್ತು. ಮಂತ್ರಿಗಳು ಇನ್ನೊಂದು ಸಲ ಬಾಯಿ ತೆರೆದರು. ಆಗ ಎತ್ತರದ ಪೀಠದಲ್ಲಿ ಕುಳಿತಿದ್ದ ಸಭಾಧ್ಯಕ್ಷರು, ಅವರು ಬಹಳ ವಯಸ್ಸಾದವರು, ಕೈ ಎತ್ತಿದರು.

"ಸದಸ್ಯರ ಮಾತು ಮುಗಿಯಲಿ. ಅಲ್ಲಿಯವರೆಗೆ ಯಾರೂ ಏಳುವುದು ಬೇಡ."

ಸಭೆ ಕಾದಿತು. ಎಷ್ಟು ಹೊತ್ತು ಎಂದು ಯಾರಿಗೂ ಗೊತ್ತಿಲ್ಲ. ಅರ್ಧ ಅಕ್ಷರ ಬರುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಬರುತ್ತಿತ್ತು. ಕಡೆಗೆ ಬೊಮ್ಮಯ್ಯನ ಪ್ರಶ್ನೆ ಪೂರ್ತಿಯಾಗಿ ಹೊರಗೆ ಬಂತು.

"ಸಾತಮ್ಮ ಯಾವ ದೋಣಿಯಲ್ಲಿ ದಾಟಬೇಕಿತ್ತು?"

ಸಾತಮ್ಮ ಯಾರು ಎಂದು ಮಂತ್ರಿಗಳು ಮೆಲ್ಲಗೆ ಕೇಳಿದರು. ಬೊಮ್ಮಯ್ಯ ಹೇಳಿದ. ಉಗ್ಗುತ್ತ, ನಿಲ್ಲುತ್ತ, ಬುಟ್ಟಿಯಿಂದ ಹಿಡಿದು ಆಸ್ಪತ್ರೆಯ ಹಂಚಿನವರೆಗೆ ಎಲ್ಲವನ್ನೂ ಹೇಳಿದ. ಯಾರೂ ಅವನ ಮಾತು ಮುಗಿಸಲು ಹೋಗಲಿಲ್ಲ. ಮಂತ್ರಿಗಳು ಕೈಯಲ್ಲಿದ್ದ ಕಾಗದ ನೋಡಿದರು. ಅದನ್ನು ಮೇಜಿನ ಮೇಲಿಟ್ಟರು.

"ನನಗೆ ಗೊತ್ತಿಲ್ಲ. ಬಂದು ನೋಡಿ ಹೇಳುತ್ತೇನೆ."

ಒಬ್ಬ ಮಂತ್ರಿಯ ಬಾಯಲ್ಲಿ ಅಂಥ ಮಾತನ್ನು ಆ ಸಭೆ ಅದಕ್ಕೆ ಮೊದಲು ಕೇಳಿರಲಿಲ್ಲ ಎನ್ನುತ್ತಾರೆ.

ಅವರು ಬಂದರು. ಮಳೆ ಇನ್ನೂ ನಿಂತಿರಲಿಲ್ಲ. ಅಧಿಕಾರಿಗಳು ಎಲ್ಲಿಂದಲೋ ಒಂದು ಗಟ್ಟಿ ದೋಣಿ ತರಿಸಿ ತೋರಣ ಕಟ್ಟಿ ನಿಲ್ಲಿಸಿದ್ದರಂತೆ. ಮಂತ್ರಿಗಳು ಅದನ್ನು ಹತ್ತಲಿಲ್ಲ. ಕುರ್ವೆಯವರು ಹತ್ತುವ ದೋಣಿ ಬರಲಿ ಎಂದು ಹೇಳಿ ಆಚೆ ದಡದ ಕಟ್ಟೆಯ ಮೇಲೆ ಕುಳಿತರು. ದೋಣಿ ಬರಲಿಲ್ಲ. ಬರಲಿಕ್ಕೆ ತಾರಿ ದೋಣಿಯೇ ಇರಲಿಲ್ಲ. ಕೆಲವರು ಅವರು ಈಜಿಕೊಂಡು ಬಂದರು ಎನ್ನುತ್ತಾರೆ. ಅದು ಸುಳ್ಳು. ನನ್ನ ಅತ್ತೆ ಕಣ್ಣಾರೆ ನೋಡಿದವಳು. ಆ ದಡದಲ್ಲಿ ಬಿಳಿ ಬಟ್ಟೆಯ ಒಬ್ಬರು ಕುಳಿತದ್ದು ಕಾಣುತ್ತಿತ್ತು, ಈ ದಡದಲ್ಲಿ ಬೊಮ್ಮಯ್ಯ ಕುಳಿತಿದ್ದ. ಕೂಗಿದರೆ ಕೇಳುವಷ್ಟು ಹತ್ತಿರವಲ್ಲ. ಇಬ್ಬರೂ ಮಳೆಯಲ್ಲಿ ಸುಮ್ಮನೆ ಕುಳಿತಿದ್ದರು. ಸಂಜೆಯಾಗುವಾಗ ಮಂತ್ರಿಗಳು ಎದ್ದು ನಿಂತು, ಕುರ್ವೆಯ ಕಡೆ ಕೈಮುಗಿದು, ಹೊರಟು ಹೋದರು.

ಮಳೆ ಕಳೆದ ಮೇಲೆ ಹೊಸ ದೋಣಿ ಬಂತು. ಪಾಳಿಯ ಮೇಲೆ ದಾಟಿಸಲು ಇಬ್ಬರು ಅಂಬಿಗರು ಬಂದರು. ಕರೆದಾಗ ದಾಟಿಸಬೇಕು ಎಂಬ ಹುಕುಂ ಬಂತು.

ಬೊಮ್ಮಯ್ಯ ಮುಂದಿನ ಚುನಾವಣೆಯಲ್ಲಿ ಸೋತ. ಚಂದ ಮಾತಾಡುವವನೊಬ್ಬ ಗೆದ್ದ. ಬೊಮ್ಮಯ್ಯ ಅದಕ್ಕೆ ಮರುಗಿದವನಲ್ಲ. ಮರುದಿನವೇ ಗುದ್ದಲಿ ಹಿಡಿದು ಒಡ್ಡಿಗೆ ಹೋದನಂತೆ. ಸಭೆಯಲ್ಲಿ ಪ್ರಶ್ನೆ ಕೇಳಿದ ದಿನದಿಂದ ಅವನ ಉಗ್ಗು ಬಿಟ್ಟುಹೋಯಿತು ಎಂದು ಹೇಳುವವರಿದ್ದಾರೆ. ಇಲ್ಲ. ಸಾಯುವವರೆಗೂ ಅವನು ಉಗ್ಗುತ್ತಲೇ ಇದ್ದ, ಊರು ಕಾಯುತ್ತಲೇ ಇತ್ತು.

ಈಗ ಹೊಳೆಗೆ ಸೇತುವೆ ಆಗಿದೆ, ತಾರಿ ನಿಂತಿದೆ. ಆದರೆ ಕುರ್ವೆಯ ಗ್ರಾಮಸಭೆಗೆ ಹೋಗಿ ನೋಡಿ. ಯಾರೇ ಎದ್ದು ನಿಂತು ಮಾತಿನ ನಡುವೆ ತಡೆದರೆ, ಉಗ್ಗಿಯೋ, ಅಂಜಿಯೋ, ಅಳು ಬಂದೋ, ಯಾರೂ ಅವರ ಬಾಯಿಗೆ ಮಾತು ಕೊಡುವುದಿಲ್ಲ. ಆ ಸುಮ್ಮನಿರುವ ಹೊತ್ತಿಗೆ ಬೊಮ್ಮಯ್ಯನ ಹೊತ್ತು ಎಂದೇ ಹೆಸರು. ಹೋದ ವರ್ಷ ನೀರಿನ ಇಲಾಖೆಯಿಂದ ಹೊಸ ಸಾಹೇಬರೊಬ್ಬರು ಬಂದಿದ್ದರು. ಕಟ್ಟಕಡೆಯ ಮನೆಯ ಕುಸ್ಲಿ ಎಂಬ ಹೆಂಗಸು ನಳ್ಳಿ ನೀರಿನ ಬಗ್ಗೆ ಕೇಳಲು ಎದ್ದು ಅರ್ಧಕ್ಕೆ ನಿಂತಳು. ಸಾಹೇಬರು ಉತ್ತರ ಶುರು ಮಾಡಿದರು. ಪಕ್ಕದಲ್ಲಿದ್ದ ಮುದುಕರೊಬ್ಬರು ಅವರ ಮೊಣಕೈ ಮುಟ್ಟಿ, ಸ್ವಲ್ಪ ತಡೀರಿ, ಅವಳು ಇನ್ನೂ ಕೇಳ್ತಾ ಇದ್ದಾಳೆ, ಎಂದರು. ಸಾಹೇಬರು ಪೆನ್ನು ಕೆಳಗಿಟ್ಟು ಕುಳಿತರು. ಕುಸ್ಲಿ ಸೆರಗಿನಿಂದ ಮುಖ ಒರೆಸಿಕೊಂಡಳು, ಉಸಿರು ಎಳೆದುಕೊಂಡಳು, ಮತ್ತೆ ಮೊದಲಿನಿಂದ ಶುರು ಮಾಡಿದಳು.