ನೀರು ಸೋಕದ ದೋಣಿ

"ಬುದ್ಧಿ, ಬೇಸಿಗೆ ರಜೆಯಲ್ಲಿ ಮಕ್ಕಳಿಗೆ ಲೆಕ್ಕ ಹೇಳಿಕೊಡಬೇಕೋ, ಬೇಡವೋ?" ಎಂದು ಶಿಷ್ಯ ಮರುಳಯ್ಯ ಕೇಳಿದ. ಅವನು ಶಾಲೆಯ ಮೇಷ್ಟ್ರು. "ಹೋದ ವರ್ಷ ಶಾಲೆ ತೆರೆದ ದಿನ ನನ್ನ ಮಗಳೇ ಏಳರ ಮಗ್ಗಿ ಮರೆತು ಎಲ್ಲರೆದುರು ಅತ್ತುಬಿಟ್ಟಳು. ಆದರೂ ಕೂಸು ದಣಿದಿದೆ ಅಂತ ಈ ಸಲವೂ ಸುಮ್ಮನೆ ಬಿಟ್ಟಿದ್ದೇನೆ."

ಗುರುಗಳು ನಕ್ಕರು. "ಎಲಾ ಇವನ! ಊರಿಗೆಲ್ಲ ಪಾಠ ಹೇಳುವವನು ನನ್ನ ಹತ್ತಿರ ಇದನ್ನು ಕೇಳುತ್ತೀಯಾ? ಕೂತುಕೋ" ಎಂದು ಕತೆ ಶುರುಮಾಡಿದರು.

ಒಂದು ಹೊಳೆ. ಅದರ ದಡದಲ್ಲಿ ಇಬ್ಬರು ಅಂಬಿಗರು. ಬೇಸಿಗೆ ಬಂತು. ಹೊಳೆ ಮೊಣಕಾಲುದ್ದಕ್ಕೆ ಇಳಿಯಿತು. ಜನ ನಡೆದೇ ದಾಟತೊಡಗಿದರು. ದೋಣಿಗೆ ಕೆಲಸವಿಲ್ಲ.

ಮೊದಲನೆಯ ಅಂಬಿಗನಿಗೆ ದೋಣಿಯೆಂದರೆ ಪ್ರಾಣ. ವರ್ಷವಿಡೀ ದುಡಿದಿದೆ ಪಾಪ ಎಂದು ದಡಕ್ಕೆ ಎಳೆದ, ಒರೆಸಿದ, ಮರದಡಿ ಇಟ್ಟು ಹನಿ ನೀರೂ ಸೋಕದ ಹಾಗೆ ಚಾಪೆ ಹೊದಿಸಿದ. ಮಧ್ಯಾಹ್ನ ಅದರ ಪಕ್ಕದಲ್ಲೇ ಮಲಗುತ್ತಿದ್ದ. ಕನಸಿನಲ್ಲಿ ದೋಣಿ ತಾನಾಗಿ ತೇಲುತ್ತಿತ್ತು. ಗದ್ದೆಗಳ ಮೇಲೆ, ಮರಗಳ ತುದಿಯ ಮೇಲೆ, ಬಿಳಿ ಮೋಡದ ನಡುವೆ, ಸದ್ದಿಲ್ಲದೆ. ಎಚ್ಚರವಾದ ಮೇಲೂ ಆ ತೇಲಾಟ ಮೈಯಲ್ಲೇ ಉಳಿಯುತ್ತಿತ್ತು. ಎಂಥ ಸುಖ ಅಂತೀಯ!

ಎರಡನೆಯವನು ದೋಣಿಯನ್ನು ಉಳಿದಷ್ಟು ನೀರಲ್ಲೇ ಬಿಟ್ಟ. ಊರ ಮಕ್ಕಳು ಅದರಲ್ಲಿ ಆಡಿದರು. ಆರು ಮಂದಿ ಹತ್ತಿದರೆ ಅಂಚು ನೀರಿಗಿಂತ ಎಷ್ಟು ಬೆರಳು ಮೇಲಿರುತ್ತದೆ, ಏಳನೆಯವಳೂ ಹತ್ತಿದರೆ ಎಷ್ಟು ಎಂದು ಬೆರಳಿಟ್ಟು ನೋಡಿದರು. ಅವನೂ ಅವರ ಜೊತೆ ಕೂತು ಎಣಿಸಿದ. ಹೀಗೇ ಬೇಸಿಗೆ ಕಳೆಯಿತು.

ಮಳೆ ಹಿಡಿಯಿತು, ಹೊಳೆ ತುಂಬಿತು. ಆಚೆ ದಡದಿಂದ ಕೂಗು ಬಂತು. ಮೊದಲನೆಯ ಅಂಬಿಗ ಆ ದಡದ ಊರಿಗೆ ಕೊಟ್ಟಿದ್ದ ಮಗಳಿಗೆ ಹೆರಿಗೆ ನೋವು, ಸೂಲಗಿತ್ತಿಯನ್ನು ಬೇಗ ಕರೆತಾ ಎಂದು. ಅವನು ಸೂಲಗಿತ್ತಿಯನ್ನು ಕೂರಿಸಿಕೊಂಡು ದೋಣಿ ನೂಕಿದ. ಹತ್ತು ಮಾರು ಹೋಗಲಿಲ್ಲ, ಹಲಗೆಗಳ ಸಂದುಸಂದಿನಿಂದ ನೀರು ನುಗ್ಗಿತು. ಹೇಗೋ ದಡಕ್ಕೆ ಮರಳಿದ.

"ಒಂದು ಗೀರೂ ಬೀಳದಂತೆ ಕಾಪಾಡಿದೆನಲ್ಲೋ!" ಎಂದು ಎದೆ ಬಡಿದುಕೊಂಡು ಅತ್ತ.

"ಕಾಪಾಡಿದೆ, ನಿಜ. ನೀರನ್ನೇ ಸೋಕಿಸಲಿಲ್ಲವಲ್ಲ ಮಾರಾಯ, ಮರ ಒಣಗಿ ಸಂದು ಬಿಟ್ಟಿದೆ. ಅಳು ಆಮೇಲೆ, ಈಗ ಹತ್ತು" ಎಂದು ಎರಡನೆಯವನು ತನ್ನ ದೋಣಿಯ ಹಗ್ಗ ಬಿಚ್ಚಿದ. ಸೂಲಗಿತ್ತಿ ಹೊತ್ತಿಗೆ ಸರಿಯಾಗಿ ತಲುಪಿದಳು. ತಾಯಿ ಮಗು ಇಬ್ಬರೂ ಉಳಿದರು.

ಕತೆ ಮುಗಿಯಿತು. ಮರುಳಯ್ಯ ದಡಬಡಿಸಿ ಎದ್ದ. "ತಿಳಿಯಿತು ಬುದ್ಧಿ. ಇವತ್ತೇ ಹೋಗಿ ಮಗಳನ್ನು ಕೂರಿಸುತ್ತೇನೆ. ದಿನಕ್ಕೆ ಇಪ್ಪತ್ತು ಲೆಕ್ಕ ಬರೆಸುತ್ತೇನೆ."

ಗುರುಗಳು ಅವನನ್ನೇ ನೋಡಿ ಹೇಳಿದರು:

"ಬರೆಸುವುದು ಇರಲಿ, ಈ ರಜೆಯಲ್ಲಿ ಒಂದು ದಿನವಾದರೂ ಮಗಳ ಜೊತೆ ಕೂತು ನೀನು ಏನನ್ನಾದರೂ ಎಣಿಸಿದೆಯಾ?"